ಬೀಜ ಕೊಂಡ ರೈತ ಗ್ರಾಹಕ ಹೌದೋ, ಅಲ್ಲವೋ?

ಒಂದೇ ಮಾತಿಗೆ ಊರಲ್ಲಿ ಒಂದು ಅರ್ಥ, ಕೋರ್ಟಿನಲ್ಲಿ ಇನ್ನೊಂದು ಅರ್ಥ. ಓದಿದವರಿಗೆ ಇದು ಹೊಸದಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ನೇಗಿಲು ಹಿಡಿದ ನನ್ನಂಥವರು ಮಾತ್ರ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಯಾಕೆಂದರೆ ಆ ಅರ್ಥದ ಮೇಲೆ ನಮ್ಮ ಒಂದು ವರ್ಷದ ದುಡಿಮೆ ನಿಂತಿರುತ್ತದೆ.

ಬೀಜದಂಗಡಿಗೆ ಹೋದಾಗ ನಾವು ಗಿರಾಕಿಗಳು. ಕೂರಿಸಿ ಚಹಾ ಕೊಡುತ್ತಾರೆ. ಬಿತ್ತಿದ್ದು ಹುಟ್ಟಲಿಲ್ಲ ಅಂತ ಹೋದರೆ ಅಂಗಡಿಯವನು ಕಂಪನಿ ಕಡೆ ಕೈ ತೋರಿಸುತ್ತಾನೆ, ಕಂಪನಿಯವನು ಮೋಡದ ಕಡೆ ಕೈ ತೋರಿಸುತ್ತಾನೆ. ಕೋರ್ಟಿನ ತನಕ ಹೋದ ರೈತರಿಗೆ ಇನ್ನೂ ಒಂದು ಮಾತು ಎದುರಾಯಿತು: ‘ನೀವು ಗ್ರಾಹಕರೇ ಅಲ್ಲ, ವ್ಯಾಪಾರದ ಉದ್ದೇಶಕ್ಕೆ ಬೀಜ ಕೊಂಡವರು.’

ಈ ಮಾತಿಗೆ ಬೇರು ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಮರುಮಾರಾಟಕ್ಕೋ ವಾಣಿಜ್ಯ ಉದ್ದೇಶಕ್ಕೋ ಕೊಂಡವನು ಗ್ರಾಹಕನಲ್ಲ ಎಂದು ಬರೆದಿತ್ತು. ಸೂರ್ಯಕಾಂತಿಯನ್ನು ಯಾರೂ ಮನೆಯಲ್ಲಿ ಹುರಿದು ತಿನ್ನುವುದಕ್ಕೆ ಬೆಳೆಯುವುದಿಲ್ಲ, ಹತ್ತಿ ಬೆಳೆದು ಮನೆಯಲ್ಲಿ ನೂಲುವುದೂ ಇಲ್ಲ. ಎಲ್ಲ ಮಾರುವುದಕ್ಕೇ. ಹಾಗಾದರೆ ನಾವೂ ವ್ಯಾಪಾರಿಗಳೇ?

1993ರಲ್ಲಿ ಕಾಯ್ದೆಗೆ ಒಂದು ವಿವರಣೆ ಸೇರಿಸಿದರು. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗಕ್ಕೆ ಮಾತ್ರ ಕೊಂಡ ವಸ್ತು ವಾಣಿಜ್ಯ ಉದ್ದೇಶಕ್ಕೆ ಸೇರುವುದಿಲ್ಲ ಎಂದು. 1995ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಲಾರಿ ಕೊಂಡು ತಾನೇ ಓಡಿಸುವವನು, ಯಂತ್ರ ಕೊಂಡು ತಾನೇ ನಡೆಸುವವನು ಗ್ರಾಹಕನೇ. ಒಬ್ಬಿಬ್ಬರ ಸಹಾಯ ಪಡೆದರೂ ಗ್ರಾಹಕನೇ. ನನಗೆ ತಿಳಿದ ಮಟ್ಟಿಗೆ, ಕೂಲಿಗೆ ಒಂದೆರಡಾಳು ಕರೆದು ಕಳೆ ತೆಗೆಸುವ ಸಣ್ಣ ರೈತನಿಗೂ ಈ ಮಾತು ಒಪ್ಪುತ್ತದೆ.

ನಮ್ಮ ಬಗ್ಗೆಯೇ ನೇರವಾಗಿ ತೀರ್ಪು ಬಂದದ್ದು 2012ರ ಜನವರಿಯಲ್ಲಿ. ಒಂದು ಕಡೆ ರಾಷ್ಟ್ರೀಯ ಬೀಜ ನಿಗಮ, ಇನ್ನೊಂದು ಕಡೆ ಆಂಧ್ರಪ್ರದೇಶದ ರೈತರು. ನಿಗಮಕ್ಕೇ ಬೀಜ ಬೆಳೆದುಕೊಡಲು ಒಪ್ಪಿದ್ದವರೂ ಅವರಲ್ಲಿದ್ದರು. ನಿಗಮ ಹೇಳಿದ್ದು ಮೂರು ಮಾತು: ರೈತರು ಗ್ರಾಹಕರಲ್ಲ, ಬೀಜಕ್ಕೆ 1966ರ ಬೇರೆ ಕಾಯ್ದೆ ಇದೆ, ಅಲ್ಲಿಗೆ ಹೋಗಲಿ, ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲ. ಸುಪ್ರೀಂ ಕೋರ್ಟು ಮೂರನ್ನೂ ಒಪ್ಪಲಿಲ್ಲ. ಬೀಜ ಕಾಯ್ದೆಯಲ್ಲಿ ಬೆಳೆ ಕಳಕೊಂಡ ರೈತನಿಗೆ ಪರಿಹಾರದ ಮಾತೇ ಇಲ್ಲ ಎಂದಿತು. ಆ ಕಾಯ್ದೆ ಬರೆದಾಗ ಮೊದಲ ತಪ್ಪಿಗೆ ಇಟ್ಟ ದಂಡ 500 ರೂಪಾಯಿವರೆಗೆ, ಅದೂ ಸರ್ಕಾರಕ್ಕೆ. ಮಾದರಿಯ ವಿಷಯದಲ್ಲಿ, ತಂದ ಬೀಜವನ್ನೆಲ್ಲ ಬಿತ್ತುವ ರೈತ ಮುಂದೆ ಕೇಸು ಹಾಕಬೇಕಾದೀತು ಎಂದು ಒಂದು ಹಿಡಿ ತೆಗೆದಿಡಬೇಕು ಅನ್ನುವುದು ನ್ಯಾಯವಲ್ಲ ಎಂದಿತು. ಹೊಲ ನೋಡಿ ಬಂದ ಕೃಷಿ ತಜ್ಞರ ವರದಿಯೇ ಸಾಕಾಯಿತು. ಕೂರಿಗೆಯಲ್ಲಿ ಬಿಟ್ಟ ಬೀಜ ಹಿಂದಕ್ಕೆ ಬರುವುದಿಲ್ಲ ಅನ್ನುವುದು ಕೋರ್ಟಿಗೂ ತಿಳಿಯಿತಲ್ಲ, ಅದು ಸಮಾಧಾನ.

ಆದರೆ ಇಲ್ಲಿಗೆ ಕುಣಿದಾಡಬೇಡಿ. ನಮಗೆ ದಕ್ಕಿದ್ದು ‘ಗ್ರಾಹಕ’ ಎಂಬ ಒಂದು ಶಬ್ದ. ‘ದೋಷ’ ಎಂಬ ಇನ್ನೊಂದು ಶಬ್ದ ಬಾಕಿ ಇದೆ. 2005ರಲ್ಲಿ ಹರಿಯಾಣದ ಬೀಜ ಅಭಿವೃದ್ಧಿ ನಿಗಮದ ಮೊಕದ್ದಮೆಯಲ್ಲಿ ಇದೇ ಸುಪ್ರೀಂ ಕೋರ್ಟು, ಬೆಳೆಯಲ್ಲಿ ಏರುಪೇರಾದ ಮಾತ್ರಕ್ಕೆ ಬೀಜವೇ ಕಾರಣ ಅನ್ನಲಾಗದು, ಬೇರೆ ಕಾರಣವೂ ಇರಬಹುದು ಎಂದಿತ್ತು. ಈ ಮಾತೂ ಸುಳ್ಳಲ್ಲ. ಮಳೆ ಹೋದ ವರ್ಷ ಬೀಜದ ಮೇಲೆ ಗೂಬೆ ಕೂರಿಸುವುದು ನಮಗೂ ಶೋಭೆಯಲ್ಲ. ಆದರೆ ನೀರಾವರಿಯವರ ಹಾಗಲ್ಲ ನಮ್ಮ ಪಾಡು. ಮಳೆಯಾಶ್ರಯದ ಹೊಲದಲ್ಲಿ ಹದ ಬರುವುದು ಒಂದು ಸಲ. ಪಕ್ಕದ ಹೊಲದಲ್ಲಿ ಅದೇ ಮಳೆಗೆ, ಅದೇ ದಿನ ಬಿತ್ತಿದ ಬೇರೆ ಬೀಜ ಹುಟ್ಟಿ, ನಮ್ಮದು ಹುಟ್ಟದಿದ್ದರೆ ಕಾರಣ ಹೇಳಬೇಕಾದವನು ಬೀಜ ಮಾರಿದವನು. ಚೀಲದ ಮೇಲೆ ಇಷ್ಟು ಪಾಲು ಮೊಳೆಯುತ್ತದೆ ಎಂದು ಬರೆದುಕೊಟ್ಟವನು ಅವನೇ ತಾನೆ? ಪುರಾವೆಯ ಹೊರೆ ಅವನ ಹೆಗಲಿಗೆ ಹೋಗಲಿ. ಇದನ್ನು ಒಂದೊಂದೇ ತೀರ್ಪಿಗೆ ಬಿಡದೆ ಕಾಯ್ದೆಯಲ್ಲೇ ಬರೆಯಬೇಕು ಅನ್ನುವುದು ನನ್ನ ವಾದ.

ಅಲ್ಲಿಯವರೆಗೆ ಪುರಾವೆ ನಾವೇ ಕೂಡಿಡಬೇಕು. ನಮ್ಮ ಕಡೆ ರಸೀದಿ ಕೇಳಿದರೆ ‘ಬಿಲ್ಲು ಬೇಡ ಅಂದರೆ ಸ್ವಲ್ಪ ಕಡಿಮೆ ಮಾಡ್ತೀನಿ ಗೌಡ್ರೇ’ ಅನ್ನುತ್ತಾರೆ. ಆ ಸ್ವಲ್ಪಕ್ಕೆ ನಾವು ಮಾರಿಕೊಳ್ಳುವುದು ಗ್ರಾಹಕ ಎಂಬ ಹಕ್ಕನ್ನೇ. ಲಾಟ್ ನಂಬರು ಬರೆದ ರಸೀದಿ ತಗೊಳ್ಳಿ. ಚೀಲ, ಅದರ ಚೀಟಿ ಎರಡನ್ನೂ ಸುಗ್ಗಿ ಮುಗಿಯುವ ತನಕ ಬಿಸಾಡಬೇಡಿ. ಹುಟ್ಟುವಳಿ ಕೆಟ್ಟರೆ ಕೂಡಲೇ ಕೃಷಿ ಇಲಾಖೆಗೆ ಅರ್ಜಿ ಕೊಟ್ಟು, ಅಂಗಡಿಗೂ ಕಂಪನಿಗೂ ತಿಳಿಸಿ, ಅವರ ಎದುರೇ ಹೊಲ ನೋಡಿಸಿ ವರದಿ ಪಡೆಯಿರಿ. ಅದಕ್ಕೆ ಮೊದಲು ಹರಗಿಬಿಡಬೇಡಿ.

ಈಗ ನಡೆಯುತ್ತಿರುವುದು 2019ರ ಹೊಸ ಕಾಯ್ದೆ. ಹೊಟ್ಟೆಪಾಡಿನ ಆ ವಿವರಣೆ ಅದರಲ್ಲೂ ಉಳಿದಿದೆ. ಕಂಪನಿ ಯಾವ ಊರಿನದೇ ಆಗಲಿ, ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರಿಲ್ಲದೆ ನಾವೇ ನಿಂತು ಹೇಳಬಹುದು.

ಶಬ್ದಕ್ಕೆ ಅರ್ಥ ಕೊಡುವುದು ಕೋರ್ಟು, ನಿಜ. ಆದರೆ ಅಲ್ಲಿಗೆ ಹೋಗಿ ಕೇಳಿದವರು ರೈತರು. ಅವರು ‘ನಮ್ಮ ಹಣೆಬರಹ’ ಅಂತ ಸುಮ್ಮನೆ ಕೂತಿದ್ದರೆ, ಬೀಜ ಕೊಂಡ ರೈತ ಇವತ್ತಿಗೂ ಬರೀ ಗಿರಾಕಿಯಾಗಿಯೇ ಉಳಿಯುತ್ತಿದ್ದ.