ದೂರವೂ ಒಂದು ದಯೆ



ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಹೆಸರು ಕೇಳಿದ್ದೀರಾ? ಉತ್ತರ ಧ್ರುವಕ್ಕೆ ಸಮೀಪವಿರುವ ಆ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಹಿಮನದಿಗಳಿಂದ ಮುಚ್ಚಿದೆ. ಬೇಸಿಗೆಯಲ್ಲಿ ಅಲ್ಲಿ ತಿಂಗಳುಗಟ್ಟಲೆ ಸೂರ್ಯ ಮುಳುಗುವುದೇ ಇಲ್ಲ.

ಪ್ರವಾಸಿಗರು ಬೂಟಿಗೆ ಉಕ್ಕಿನ ಮುಳ್ಳುಗಳನ್ನು ಕಟ್ಟಿಕೊಂಡು, ಮಾರ್ಗದರ್ಶಿಯ ಹಿಂದೆ ಹಿಮನದಿಯನ್ನು ಏರುತ್ತಾರೆ. ಮಂಜಿನ ಹೊದಿಕೆಯ ಕೆಳಗೆ ಆಳವಾದ ಬಿರುಕುಗಳು ಅಡಗಿರುತ್ತವೆ. ಆದ್ದರಿಂದ ಅಂತಹ ಕಡೆ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ಒಬ್ಬರು ಜಾರಿದರೆ ಉಳಿದವರು ಹಿಡಿದು ನಿಲ್ಲಬೇಕು.

ದಾರಿಯಲ್ಲಿ ಗಿಡ್ಡ ಕಾಲಿನ ಹಿಮಸಾರಂಗ, ಹಿಮನರಿಗಳು ಕಾಣಸಿಗುತ್ತವೆ. ಮಾರ್ಗದರ್ಶಿಯ ಹೆಗಲಲ್ಲಿ ಬಂದೂಕು ಇರುತ್ತದೆ. ಅದು ಬೇಟೆಗಲ್ಲ. ಅಲ್ಲಿ 1973ರಿಂದಲೇ ಹಿಮಕರಡಿಗೆ ಕಾನೂನಿನ ರಕ್ಷಣೆಯಿದೆ. ಕರಡಿ ಮೈಮೇಲೆ ಬಂದು, ಬೇರೆ ದಾರಿಯೇ ಇಲ್ಲದಾಗ ಜೀವ ಉಳಿಸಿಕೊಳ್ಳಲು ಮಾತ್ರ ಆ ಬಂದೂಕು.

ಹಾಗಾಗದಂತೆ ಮೊದಲೇ ದೂರವಿರಬೇಕು. 2025ರಿಂದ ಜಾರಿಗೆ ಬಂದ ನಿಯಮದಂತೆ ಕರಡಿಯಿಂದ ಕನಿಷ್ಠ 300 ಮೀಟರ್ ದೂರದಲ್ಲಿರಬೇಕು. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ಆಗ ತಾಯಿ ಕರಡಿ ಪುಟ್ಟ ಮರಿಗಳೊಂದಿಗೆ ಹಿಮದ ಮೇಲೆ ಸೀಲ್‌ಗಳನ್ನು ಬೇಟೆಯಾಡುವ ಕಾಲ. ನಮಗೆ ಬೆದರಿ ಅದು ಓಡಿದರೆ ಬೇಟೆ ತಪ್ಪುತ್ತದೆ, ಮರಿಗಳು ಹಸಿಯುತ್ತವೆ. ಅದೇ ನಮ್ಮತ್ತ ನುಗ್ಗಿದರೆ ಗುಂಡಿಗೆ ಬಲಿಯಾಗಬಹುದು. ಒಂದು ಫೋಟೋದ ಆಸೆಗೆ ಎಂತಹ ಬೆಲೆ!

ಯೋಚಿಸಿ ನೋಡಿ. ಮನೆಯ ಸೂರಿನ ಗೂಡಿನಲ್ಲಿ ಮರಿಗಳ ಚಿಲಿಪಿಲಿ ಕೇಳಿದೊಡನೆ ನಮ್ಮ ಮಕ್ಕಳು ಏಣಿ ಹುಡುಕುತ್ತಾರೆ. ಆಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳೋಣ: "ಇಲ್ಲಿಂದಲೇ ನೋಡೋಣ ಮಗು, ಅದರ ತಾಯಿ ಬರಲಿ."