ಚಳಿಜ್ವರ ಹೋದ ಮೇಲೆ

1901ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. 1921ಕ್ಕೆ ಅದು ನಾಲ್ಕು ಲಕ್ಷದ ಆಸುಪಾಸಿಗೆ ಇಳಿದಿತ್ತು. ತೊಟ್ಟಿಲು ಖಾಲಿಯಿತ್ತೆಂದಲ್ಲ. 1918ರ ಇನ್‌ಫ್ಲುಯೆಂಜಾ ಒಮ್ಮೆ ಬಡಿದು ಹೋಯಿತು. ಚಳಿಜ್ವರ ಮಾತ್ರ ವರ್ಷವರ್ಷವೂ ಬಂತು. ಸಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ತೋಟದಂಚಿಗೆ ಹರಿಯುವ ತಿಳಿನೀರ ಹಳ್ಳಗಳೇ ಮಲೇರಿಯಾ ಸೊಳ್ಳೆಯ ತವರು. ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳು ಆಗ ಯಾರಿಗೂ ಹೊಸ ನೋಟವಲ್ಲ.

1946ರಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಮುಂಬಯಿ ಪ್ರಾಂತ್ಯದ ಡಿಡಿಟಿ ಸಿಂಪಡಣೆ ಶುರುವಾದದ್ದು ಧಾರವಾಡ ಮತ್ತು ಕೆನರಾ (ಇಂದಿನ ಉತ್ತರ ಕನ್ನಡ) ಜಿಲ್ಲೆಗಳಲ್ಲಿ. ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 1953ರಲ್ಲಿ. ದೇಶಕ್ಕಿಂತ ಮೊದಲೇ ಚೇತರಿಸಿಕೊಂಡ ಜಿಲ್ಲೆ ನಮ್ಮದು. 2011ಕ್ಕೆ ಜನಸಂಖ್ಯೆ 14.37 ಲಕ್ಷ.

ಸಾಂಕ್ರಾಮಿಕಗಳು ಹಿಂದೆ ಸರಿದು ಹೃದ್ರೋಗ, ಕ್ಯಾನ್ಸರ್‌ಗಳು ಮುಂದೆ ಬರುವ ಈ ಬದಲಾವಣೆಯನ್ನು ಸಾಂಕ್ರಾಮಿಕ ರೋಗತಜ್ಞ ಅಬ್ದೆಲ್ ಒಮ್ರಾನ್ 1971ರಲ್ಲಿ ಮೂರು ಹಂತಗಳಾಗಿ ವಿವರಿಸಿದರು. ಮಲೆನಾಡಿನಲ್ಲಿ ಆ ಹಂತಗಳು ಒಂದರ ಮೇಲೊಂದು ಬಿದ್ದಿವೆ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ 2024ರಲ್ಲೂ ಸಿದ್ದಾಪುರವನ್ನು ಕಾಡಿತು. ಸೊಪ್ಪಿನ ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋದವರಿಗೆ ಆ ಕಾಯಿಲೆ ಹರಡುವ ಉಣುಗಿನ ಭಯ. ಅದೇ ಮನೆಯ ಕಪಾಟಿನಲ್ಲಿ ಬಿಪಿ, ಶುಗರಿನ ಗುಳಿಗೆ.

ಕಾಯಿಲೆಗಳ ಜೊತೆ ಜನರ ವಯಸ್ಸಿನ ಲೆಕ್ಕವೂ ಬದಲಾಗುತ್ತದೆ. ಅರವತ್ತೈದು ದಾಟಿದವರ ಪಾಲು ಶೇ. 7ರಿಂದ 14ಕ್ಕೇರಲು ಫ್ರಾನ್ಸಿಗೆ 115 ವರ್ಷ ಬೇಕಾಯಿತು, ಜಪಾನಿಗೆ ಸುಮಾರು 25. ನಮ್ಮ ಊರುಗಳಿಗೆ ಅಷ್ಟೂ ಬೇಡ: ಬೆಂಗಳೂರಿನ ರಾತ್ರಿ ಬಸ್ಸಿದೆ. ಕರ್ನಾಟಕದಲ್ಲಿ ಮಹಿಳೆಯೊಬ್ಬರಿಗೆ ಸರಾಸರಿ ಮಕ್ಕಳು 2019–21ರ ಸಮೀಕ್ಷೆಯಲ್ಲಿ 1.7; ಇದ್ದ ಒಂದೆರಡು ಮಕ್ಕಳೂ ಓದಿ ಹೊರಟರೆ ಮನ್ಮನೆಯಂಥ ಹಳ್ಳಿಯಲ್ಲಿ ಉಳಿಯುವವರು ಅಪ್ಪ, ಅಮ್ಮ ಮತ್ತು ತೋಟ. ಅಡಿಕೆ ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಗದೆ ಫೈಬರ್ ದೋಟಿ ಬಂದದ್ದೂ ಇದೇ ಲೆಕ್ಕದ ಭಾಗ.

ಇದಕ್ಕೆ ಪರಿಹಾರವಾಗಿ ‘ಹೆಚ್ಚು ಹೆರಿ’ ಎಂದು ವೇದಿಕೆಗಳಲ್ಲಿ ಉಪದೇಶಿಸುವವರಿದ್ದಾರೆ. (ಹೇಳುವವರು ಹೆಚ್ಚಾಗಿ ಗಂಡಸರೇ.) ನನಗಿದು ಒಪ್ಪಿಗೆಯಿಲ್ಲ; ಮೂರನೆಯ ಮಗುವೂ ಅದೇ ಬಸ್ಸು ಹತ್ತುತ್ತದೆ. ಜನಕ್ಕೆ ಏನು ಬೇಕೆಂಬುದು 2022ರಲ್ಲೇ ಸ್ಪಷ್ಟವಾಗಿತ್ತು. ಆ ವರ್ಷ ಜಿಲ್ಲೆ ದನಿಯೆತ್ತಿದ್ದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ. ಎದೆನೋವು ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕಾದ, ಓಡಿಸಲು ಮನೆಯಲ್ಲಿ ಮಗನೂ ಇಲ್ಲದ ಜನರ ಬೇಡಿಕೆ ಅದು.