ಹೆಸರಿಡುವ ಮುನ್ನ ಗಮನಿಸೋಣ

ಮಕ್ಕಳೇ, ಕರೆದರೆ ತಿರುಗಿ ನೋಡದ, ಒಂದೇ ಆಟವನ್ನು ಮತ್ತೆ ಮತ್ತೆ ಆಡುವ, ಶಾಲೆಯ ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುವ ಮಗುವನ್ನು ನೀವು ನೋಡಿರಬಹುದು. ಅಂಥ ಮಗುವಿಗೆ ‘ಮೊಂಡ’, ‘ಅರೆಹುಚ್ಚ’ ಎಂದು ಹೆಸರಿಡುವವರು ಬಹಳ. ಇದು ನೋವು ಕೊಡುವ ಮಾತು. ವಿಜ್ಞಾನದ ದೃಷ್ಟಿಯಿಂದಲೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆಂದು ತಿಳಿಯಲು ಇಂಗ್ಲೆಂಡಿನ ಒಬ್ಬ ವೈದ್ಯೆಯ ಅನುಭವ ನೋಡೋಣ.

ಲೋರ್ನಾ ವಿಂಗ್ (1928–2014) ಲಂಡನ್ನಿನ ಮನೋವೈದ್ಯೆ. 1956ರಲ್ಲಿ ಅವರಿಗೆ ಸೂಸಿ ಎಂಬ ಮಗಳು ಹುಟ್ಟಿದಳು. ಒಮ್ಮೆ ರೈಲಿನಲ್ಲಿ ಸೂಸಿಯ ವಯಸ್ಸಿನದೇ ಇನ್ನೊಂದು ಮಗು ಕಿಟಕಿಯಾಚೆ ಬೆರಳು ತೋರಿಸಿ, ತಾಯಿಯೂ ನೋಡಿದಳೇ ಎಂದು ಅವಳ ಕಡೆ ತಿರುಗುತ್ತಿತ್ತು. ಸೂಸಿ ಎಂದೂ ಹಾಗೆ ಮಾಡಿರಲಿಲ್ಲ. ಇದು ಲೋರ್ನಾ ಅವರ ಗಮನಕ್ಕೆ ಬಂತು. ಸೂಸಿಗೆ ಆಟಿಸಂ ಇದೆಯೆಂದು ಮುಂದೆ ತಿಳಿಯಿತು.

ಆಟಿಸಂ ಅನ್ನು ಕನ್ನಡದಲ್ಲಿ ಸ್ವಲೀನತೆ ಎನ್ನುತ್ತೇವೆ. ಇದು ಅಂಟುರೋಗವಲ್ಲ. ಮಿದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಇದಿರುವವರಿಗೆ ಇತರರೊಡನೆ ಬೆರೆಯುವುದು, ಮನಸ್ಸಿನಲ್ಲಿರುವುದನ್ನು ಹೇಳುವುದು ಕಷ್ಟವಾಗಬಹುದು.

ತಾಯಿ ಪ್ರೀತಿ ತೋರದಿದ್ದರೆ ಆಟಿಸಂ ಬರುತ್ತದೆ ಎಂದು ಆ ಕಾಲದ ಅನೇಕ ತಜ್ಞರು ನಂಬಿದ್ದರು. ಅದಕ್ಕೆ ಪುರಾವೆ ಇರಲಿಲ್ಲ. ಲೋರ್ನಾ ಅದನ್ನು ಒಪ್ಪಲಿಲ್ಲ. 1962ರಲ್ಲಿ ಅವರೂ ಬೇರೆ ಪೋಷಕರೂ ಸೇರಿ ಒಂದು ಸಂಘ ಕಟ್ಟಿದರು. 1965ರಲ್ಲಿ ಆ ಸಂಘ ಲಂಡನ್ನಿನಲ್ಲಿ ಇಂಥ ಮಕ್ಕಳಿಗಾಗಿ ಶಾಲೆ ತೆರೆಯಿತು.

ಬಳಿಕ ಲೋರ್ನಾ, ಜುಡಿತ್ ಗೌಲ್ಡ್ ಎಂಬ ಮನಶ್ಶಾಸ್ತ್ರಜ್ಞೆಯೊಡನೆ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳ ಅಧ್ಯಯನ ನಡೆಸಿದರು. ಫಲಿತಾಂಶ 1979ರಲ್ಲಿ ಪ್ರಕಟವಾಯಿತು. ಹಿಂದಿನ ವೈದ್ಯರು ಬರೆದಿದ್ದ ಲಕ್ಷಣಗಳೆಲ್ಲ ಇದ್ದವರು 10,000 ಮಕ್ಕಳಲ್ಲಿ ಸುಮಾರು 5 ಮಂದಿ. ಆದರೆ ಇತರರೊಡನೆ ಬೆರೆಯಲು ಅದೇ ಬಗೆಯ ತೊಂದರೆಯಿದ್ದವರನ್ನೂ ಸೇರಿಸಿದರೆ ಸುಮಾರು 20! ಅಂದರೆ ಆಟಿಸಂ ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಕೆಲವರು ಮಾತೇ ಆಡುವುದಿಲ್ಲ. ಕೆಲವರು ತಮಗಿಷ್ಟವಾದ ವಿಷಯ ಬಂದರೆ ಮಾತು ನಿಲ್ಲಿಸುವುದೇ ಇಲ್ಲ. ಈ ಪಾಠವನ್ನು ಆ ವೈದ್ಯೆಗೆ ಕಲಿಸಿದವರು ಮಕ್ಕಳೇ.

“ಅವನು ಬೇಕೆಂದೇ ಹಾಗೆ ಮಾಡುತ್ತಾನೆ” ಎಂದು ಕೆಲವರು ಹೇಳುವುದುಂಟು. ನಮಗೆ ಸಾಮಾನ್ಯವೆನಿಸುವ ಗಂಟೆಯ ಸದ್ದು ಅವನ ಕಿವಿಗೆ ಸಹಿಸಲಾಗದಷ್ಟು ಜೋರಾಗಿರಬಹುದಲ್ಲವೇ? ಹಾಗೆಂದು ಕಿವಿ ಮುಚ್ಚಿಕೊಂಡವರಿಗೆಲ್ಲ ಆಟಿಸಂ ಇದೆ ಎಂದು ನಾವೇ ತೀರ್ಮಾನಿಸಬಾರದು. ಅದು ತಜ್ಞರ ಕೆಲಸ.

ನಮ್ಮ ಕೆಲಸ ಬೇರೆ ಇದೆ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡಿ. ಉತ್ತರಕ್ಕೆ ಸಮಯ ಕೊಡಿ. ಆಟದ ಪೀರಿಯಡ್ ಬದಲಾದರೆ ಮೊದಲೇ ತಿಳಿಸಿ. ಆಟಕ್ಕೆ ಕರೆಯಿರಿ, ಬರದಿದ್ದರೆ ಒತ್ತಾಯಿಸಬೇಡಿ, ಮರುದಿನ ಮತ್ತೆ ಕರೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಹಾಗಾಗಿ ಈ ಮಕ್ಕಳಿಗೂ ನಿಮ್ಮ ಪಕ್ಕದಲ್ಲಿ ಕುಳಿತು ಕಲಿಯುವ ಹಕ್ಕಿದೆ. ಆದರೆ ಅವರ ಜೊತೆ ಗೆಳೆತನ ಮಾಡುವಂತೆ ಯಾವ ಕಾಯ್ದೆಯೂ ಹೇಳಲಾರದು. ಅದು ನಿಮ್ಮಿಂದಲೇ ಆಗಬೇಕು.